ಏಳು ಮುಗಿಸಿ ಎಂಟಕ್ಕೆ: ಹೈಸ್ಕೂಲು ಸೇರಿದ ಮಗುವಿನ ಮೊದಲ ವರ್ಷ

ಜೂನ್ ತಿಂಗಳಲ್ಲಿ ನಮ್ಮ ಹೈಸ್ಕೂಲಿನ ಆಫೀಸು ರೂಮಿನ ಮುಂದೆ ಟಿ.ಸಿ. ಹಿಡಿದು ನಿಲ್ಲುವ ಅಪ್ಪ-ಅವ್ವಂದಿರು ಕೇಳುವ ಮೊದಲ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. "ಟೀಚರ್, ಇವನನ್ನ ಯಾವ ಟ್ಯೂಷನ್‌ಗೆ ಹಾಕಬೇಕ್ರಿ?" ನಾನು ಗಣಿತದವಳು. "ಭಾಗಾಕಾರ ಮಾಡ್ತಾನೇನ್ರಿ?" ಎಂದು ತಿರುಗಿ ಕೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರಿಗೆ ಸಿಟ್ಟು ಬರುತ್ತದೆ. ಏಳನೇ ಕ್ಲಾಸು ಪಾಸಾದ ಹುಡುಗನಿಗೆ ಭಾಗಾಕಾರ ಬರೋದಿಲ್ವೇ ಎಂಬ ಸಿಟ್ಟು. ಹುಡುಗ ಮಾತ್ರ ನೆಲ ನೋಡುತ್ತಿರುತ್ತಾನೆ.

ದಾವಣಗೆರೆ ಸುತ್ತಲಿನ ಹಳ್ಳಿ ಹೈಸ್ಕೂಲುಗಳಲ್ಲಿ ಪಾಠ ಮಾಡುತ್ತಾ ಇಪ್ಪತ್ತು ವರ್ಷ ದಾಟಿತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೋ ಇಂಗ್ಲಿಷೋ ಉಳಿಸಿಕೊಂಡ ಮಕ್ಕಳ ಹಳೇ ನೋಟ್‌ಬುಕ್ಕುಗಳನ್ನು ತಿರುವಿ ನೋಡಿದರೆ, ಅವರು ಕೈಬಿಟ್ಟ ಜಾಗ ಬಹಳ ಸಲ ಎಂಟನೇ ತರಗತಿಯ ಜುಲೈ-ಆಗಸ್ಟ್‌ನಲ್ಲಿ ಸಿಗುತ್ತದೆ. ಅಲ್ಲಿಯವರೆಗೆ ತಪ್ಪೋ ಸರಿಯೋ ಬರೆದಿರುತ್ತಾರೆ. ಅಲ್ಲಿಂದ ಮುಂದೆ ಬೋರ್ಡಿನಿಂದ ಇಳಿಸಿಕೊಂಡ ಲೆಕ್ಕ ಮಾತ್ರ, ಸ್ವಂತದ್ದು ಒಂದೂ ಇಲ್ಲ. ಅವತ್ತು ಯಾರ ಕಣ್ಣಿಗೂ ಬೀಳಲಿಲ್ಲ, ಯಾಕೆಂದರೆ ಎಂಟು ಸದ್ದಿಲ್ಲದ ವರ್ಷ. ಪಬ್ಲಿಕ್ ಪರೀಕ್ಷೆ ಇಲ್ಲ, ಮಗು ಹೇಗಿದ್ದರೂ ಸಾಮಾನ್ಯವಾಗಿ ಒಂಬತ್ತಕ್ಕೆ ಹೋಗುತ್ತದೆ. ಹಾಗಾಗಿ ಈ ವರ್ಷ ಅಪ್ಪ-ಅವ್ವ ಏನು ಮಾಡಬೇಕು, ಯಾವ ತಿಂಗಳು ಮಾಡಬೇಕು ಎಂಬುದನ್ನು ಒಂದು ಕಡೆ ಬರೆದಿಡುತ್ತಿದ್ದೇನೆ. ಇದರಲ್ಲಿ ಸುಮಾರಷ್ಟು ನನ್ನ ಮಗಳ ಎಂಟನೇ ಕ್ಲಾಸಿನಲ್ಲಿ ನಾನೇ ಎಡವಿ ಕಲಿತದ್ದು.

ಮೊದಲ ಹೆಜ್ಜೆ, ಏಪ್ರಿಲ್-ಮೇ: ಶಾಲೆ ಆರಿಸುವ ಲೆಕ್ಕ

ಏಳರವರೆಗೆ ಊರಿನ ಶಾಲೆ ಇತ್ತು. ಈಗ ಹೋಬಳಿಯ ಹೈಸ್ಕೂಲೋ, ದಾವಣಗೆರೆಯ ದೊಡ್ಡ ಶಾಲೆಯೋ ಎಂಬ ಪ್ರಶ್ನೆ. ಅನಗೋಡು, ಮಾಯಕೊಂಡ, ಭರಮಸಾಗರದ ಕಡೆಯಿಂದ ಎಷ್ಟೋ ಮನೆಯವರು "ಎಂಟರಿಂದ ಸಿಟಿಗೆ ಹಾಕೋಣ" ಎಂದು ತೀರ್ಮಾನಿಸಿಯೇ ಬಂದಿರುತ್ತಾರೆ. ಹಾಕಿ, ಬೇಡ ಎನ್ನುವುದಿಲ್ಲ. ಅದಕ್ಕೂ ಮುಂಚೆ ಮೂರು ವಿಷಯ ಗೊತ್ತಿರಲಿ.

ಒಂದು, ಗ್ರಾಮೀಣ ಮೀಸಲಾತಿ. ವೃತ್ತಿ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿ.ಇ.ಟಿ.ಯಲ್ಲಿ ಶೇ. 15ರಷ್ಟು ಸೀಟು ಗ್ರಾಮೀಣ ಅಭ್ಯರ್ಥಿಗಳಿಗೆ, ಶೇ. 5ರಷ್ಟು ಕನ್ನಡ ಮಾಧ್ಯಮದವರಿಗೆ ಇದೆ. ಎರಡಕ್ಕೂ 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ, ಅಥವಾ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಏಳು ವರ್ಷ ಹಳ್ಳಿಯಲ್ಲಿ ಓದಿದ ಮಗುವನ್ನು ಎಂಟಕ್ಕೆ ನಗರಕ್ಕೆ ತಂದರೆ ಆ ಏಳು ವರ್ಷವೂ ಲೆಕ್ಕಕ್ಕೆ ಬರುವುದಿಲ್ಲ. ಪಿ.ಯು.ಸಿ. ಮುಗಿದ ಮೇಲೆ "ಅಯ್ಯೋ, ಮೂರು ವರ್ಷ ತಡೆದಿದ್ದರೆ" ಎಂದು ಕೈಕೈ ಹಿಸುಕಿಕೊಂಡವರನ್ನು ನೋಡಿದ್ದೇನೆ.

ಎರಡು, ಮಗು ಆರ್.ಟಿ.ಇ. (ಶಿಕ್ಷಣ ಹಕ್ಕು ಕಾಯ್ದೆಯ ಉಚಿತ) ಸೀಟಿನಲ್ಲಿ ಖಾಸಗಿ ಶಾಲೆಯಲ್ಲಿದ್ದರೆ ಆ ಸೌಲಭ್ಯ 8ನೇ ತರಗತಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಪೂರ್ತಿ ಫೀಸು. ಆ ದುಡ್ಡು ಕಟ್ಟಲಾಗದಿದ್ದರೆ ಎಂಟಕ್ಕೇ ಸರ್ಕಾರಿ ಅಥವಾ ಅನುದಾನಿತ ಹೈಸ್ಕೂಲಿಗೆ ಬರುವುದು ಮಗುವಿಗೆ ಒಳ್ಳೆಯದು. ಒಂಬತ್ತರ ನಡುವೆ ಹೊಸ ಶಾಲೆಗೆ ಒಗ್ಗಿಕೊಳ್ಳುವುದು ಬಹಳ ಕಷ್ಟ.

ಮೂರು, ಮಾಧ್ಯಮ. ಕನ್ನಡದಲ್ಲಿ ಓದಿದ ಮಗುವನ್ನು ಎಂಟಕ್ಕೆ ಇಂಗ್ಲಿಷ್ ಮೀಡಿಯಂಗೆ ಹಾಕಬೇಕೇ? ಇದಕ್ಕೆ ನನ್ನದೊಂದು ಪರೀಕ್ಷೆ ಇದೆ. ಪಕ್ಕದ ಮನೆಯ ಮಗುವಿನಿಂದ ಇಂಗ್ಲಿಷ್ ಮೀಡಿಯಂನ ವಿಜ್ಞಾನ ಪುಸ್ತಕ ಇಸಿದುಕೊಳ್ಳಿ. ಒಂದು ಪುಟ ಓದಿಸಿ. ಪುಸ್ತಕ ಮುಚ್ಚಿ, "ಏನು ಹೇಳಿದೆ ಇದರಾಗೆ? ಕನ್ನಡದಾಗೆ ಹೇಳು" ಅನ್ನಿ. ಅರ್ಧದಷ್ಟಾದರೂ ಹೇಳಿದರೆ ಹಾಕಬಹುದು. ಬರೀ ಉಚ್ಚಾರ ಮಾಡಿ ಸುಮ್ಮನಾದರೆ ಕನ್ನಡದಲ್ಲೇ ಇರಲಿ. ದ್ಯುತಿಸಂಶ್ಲೇಷಣೆ ಎಂದರೆ ಏನೆಂದು ಗೊತ್ತಿರುವ ಮಗುವಿಗೆ ಮುಂದೆ ಅದರ ಇಂಗ್ಲಿಷ್ ಹೆಸರು ಕಲಿಯಲು ಒಂದು ದಿನ ಸಾಕು. ಹೆಸರು ಮಾತ್ರ ಉರು ಹೊಡೆದ ಮಗುವಿಗೆ ವಿಷಯ ತಲೆಗೆ ಹತ್ತಿಸಲು ಇಡೀ ವರ್ಷ ಸಾಲದು.

ಊರಿನಿಂದ ದಿನಾ ಓಡಾಡುವುದು ಆಗದ ಮಾತಾದರೆ ಮೆಟ್ರಿಕ್ ಪೂರ್ವ ಹಾಸ್ಟೆಲ್‌ಗಳಿವೆ. ಸಮಾಜ ಕಲ್ಯಾಣ ಇಲಾಖೆಯದು, ಹಿಂದುಳಿದ ವರ್ಗಗಳ ಇಲಾಖೆಯದು. ತಾಲ್ಲೂಕು ಕಚೇರಿಯಲ್ಲಿ ಮೇ ತಿಂಗಳಲ್ಲೇ ವಿಚಾರಿಸಿ. ನವೋದಯ ವಸತಿ ಶಾಲೆ ಆರಕ್ಕೆ ತಪ್ಪಿಹೋಯಿತು ಎನ್ನುವವರಿಗೆ ಇನ್ನೊಂದು ಬಾಗಿಲು ಉಂಟು. ಎಂಟರಲ್ಲಿ ಓದುತ್ತಿರುವಾಗಲೇ ಒಂಬತ್ತನೇ ತರಗತಿಯ ಪ್ರವೇಶ ಪರೀಕ್ಷೆ ಬರೆಯಬಹುದು. ದಾವಣಗೆರೆ ಜಿಲ್ಲೆಯದು ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿದೆ, ಚಿತ್ರದುರ್ಗದ್ದು ಹಿರಿಯೂರು ತಾಲ್ಲೂಕಿನ ಉಡುವಳ್ಳಿಯಲ್ಲಿ. ಖಾಲಿ ಉಳಿದ ಸೀಟಿಗೆ ಮಾತ್ರ, ಹಾಗಾಗಿ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಎರಡನೇ ಹೆಜ್ಜೆ: ಕಾಗದ ಪತ್ರ, ಅದರಲ್ಲೂ ಹೆಸರಿನ ಅಕ್ಷರ

ಬೇಕಾದವು ಟಿ.ಸಿ., ಏಳನೇ ತರಗತಿಯ ಅಂಕಪಟ್ಟಿ, ಸ್ಯಾಟ್ಸ್ ಸಂಖ್ಯೆ (ಇಲಾಖೆಯ ದಾಖಲೆಯಲ್ಲಿ ಪ್ರತಿ ಮಗುವಿಗೆ ಕೊಟ್ಟ ನಂಬರ್), ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮಗುವಿನ ಹೆಸರಿನ ಬ್ಯಾಂಕ್ ಪಾಸ್‌ಬುಕ್. ಪಟ್ಟಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದು: ದಾಖಲಾತಿ ಪುಸ್ತಕದಲ್ಲಿ ಏನು ಬರೆದಿದೆಯೋ ಅದೇ ಹೆಸರು, ಅದೇ ಹುಟ್ಟಿದ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುತ್ತದೆ. ಆಮೇಲೆ ಪಾಸ್‌ಪೋರ್ಟಿನಿಂದ ಹಿಡಿದು ಪಿಂಚಣಿವರೆಗೆ ಅದೇ ಸಾಕ್ಷಿ.

ನಮ್ಮಲ್ಲಿ ಒಬ್ಬ ಹುಡುಗಿಯ ಅಪ್ಪನ ಹೆಸರು ಆಧಾರ್‌ನಲ್ಲಿ ಒಂದು ಥರ, ಟಿ.ಸಿ.ಯಲ್ಲಿ ಇನ್ನೊಂದು ಥರ ಇತ್ತು. ಒಂದಕ್ಷರದ ಫರಕು. ಎಂಟರಲ್ಲಿ "ಆಮೇಲೆ ನೋಡಿದರಾಯ್ತು ಬಿಡ್ರಿ ಟೀಚರ್" ಎಂದರು. ಹತ್ತರ ಹೊತ್ತಿಗೆ ಅದನ್ನು ಸರಿ ಮಾಡಿಸಲು ಆ ಅಪ್ಪ ಎಷ್ಟು ದಿನದ ಕೂಲಿ ಬಿಟ್ಟು ಓಡಾಡಿದನೋ. ಆದ್ದರಿಂದ ದಾಖಲಾತಿ ದಿನ ಆತುರ ಬೇಡ. ಮಗುವಿನ ಹೆಸರು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಅಪ್ಪನ ಹೆಸರು, ಅವ್ವನ ಹೆಸರು, ಹುಟ್ಟಿದ ದಿನಾಂಕ ಇಷ್ಟನ್ನೂ ಆಧಾರ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡಿ. ಮಗುವಿನ ಕೈಯಲ್ಲೂ ಓದಿಸಿ. ತಪ್ಪಿದ್ದರೆ ಹಳೇ ಶಾಲೆಯ ಹೆಡ್‌ಮಾಸ್ತರರ ಹತ್ತಿರ ಅದೇ ವಾರ ಹೋಗಿ.

ಜಾತಿ, ಆದಾಯ ಪತ್ರದ ಅವಧಿ ಮುಗಿದಿದ್ದರೆ ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಹಾಕಿ, ಪತ್ರದ ಮೇಲಿನ ಆರ್.ಡಿ. ಸಂಖ್ಯೆಯನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ವಿದ್ಯಾರ್ಥಿವೇತನ ಬರಬೇಕಾದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಪಾಸ್‌ಬುಕ್ ಇದ್ದ ಮಾತ್ರಕ್ಕೆ ಜೋಡಣೆ ಆಗಿದೆ ಅಂತಲ್ಲ, ಬ್ಯಾಂಕಿನಲ್ಲಿ ಕೇಳಿಯೇ ಖಚಿತ ಮಾಡಿಕೊಳ್ಳಿ. ಮಗುವಿಗೆ 15 ತುಂಬಿದಾಗ ಆಧಾರ್‌ನಲ್ಲಿ ಬೆರಳಚ್ಚು, ಕಣ್ಣಿನ ಗುರುತು ಮತ್ತೆ ಕೊಡಿಸಬೇಕು. ಅದು ಸರಿಯಾಗಿ ಒಂಬತ್ತು-ಹತ್ತರ ಗಡಿಬಿಡಿಯಲ್ಲಿ ಬರುತ್ತದೆ, ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಡಿ.

ಎಲ್ಲದರ ಜೆರಾಕ್ಸ್ ಒಂದು ಫೈಲಿನಲ್ಲಿರಲಿ. ಬೀರುವಿನಲ್ಲಿ ಸೀರೆ ಕೆಳಗೆ ಒಂದು, ದೇವರ ಮನೆಯಲ್ಲಿ ಒಂದು ಬೇಡ.

ಮೂರನೇ ಹೆಜ್ಜೆ: ದಾರಿ

ಶಾಲೆ ಶುರುವಾಗುವ ಮುಂಚೆ ಒಂದು ದಿನ ಮಗುವಿನ ಜೊತೆ ಅದೇ ಹೊತ್ತಿನ ಬಸ್ಸಿನಲ್ಲಿ ಹೋಗಿ ಬನ್ನಿ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಆದರೆ ನಮ್ಮ ಕಡೆ ಎಷ್ಟೋ ಊರಿಗೆ ಬರುವುದು ಖಾಸಗಿ ಬಸ್ಸೇ, ಅಲ್ಲಿ ಶಕ್ತಿ ನಡೆಯುವುದಿಲ್ಲ. ಗಂಡುಹುಡುಗರಿಗೆ ರಿಯಾಯಿತಿ ಪಾಸ್ ಬೇಕು. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು, ಗ್ರಾಮ ಒನ್‌ನವರು ಹಾಕಿಕೊಡುತ್ತಾರೆ. ಪಾಸ್ ಕೈಗೆ ಬರುವವರೆಗಿನ ಬಸ್ ಚಾರ್ಜು ಎತ್ತಿಡಿ. ಎಂಟಕ್ಕೆ ಬಂದವರಿಗೆ ಸರ್ಕಾರ 2006-07ರಿಂದ ಸೈಕಲ್ ಕೊಡುತ್ತಿತ್ತು, ಕೋವಿಡ್ ಬಂದ ಮೇಲೆ ನಿಂತಿತು. ಈಗಲೂ ಕೆಲವರು "ಸೈಕಲ್ ಯಾವಾಗ ಕೊಡ್ತೀರಿ?" ಎನ್ನುತ್ತಾರೆ. ಅದನ್ನು ಕಾಯುವುದರ ಬದಲು ಮನೆಯಲ್ಲಿರುವ ಹಳೇ ಸೈಕಲ್ಲಿನ ಬ್ರೇಕು ರಿಪೇರಿ ಮಾಡಿಸಿಬಿಡಿ.

ಹೆದ್ದಾರಿ ಪಕ್ಕದ ಊರುಗಳವರಿಗೆ ಒಂದು ಮಾತು. ಸರ್ವಿಸ್ ರಸ್ತೆ, ಅಂಡರ್‌ಪಾಸ್ ಎಲ್ಲಿದೆ ಎಂದು ತೋರಿಸಿ, ಅಲ್ಲಿಂದಲೇ ದಾಟಿಸಿ ಅಭ್ಯಾಸ ಮಾಡಿಸಿ. ಎರಡು ನಿಮಿಷ ಉಳಿಸಲು ಡಿವೈಡರ್ ಹಾರುವ ಹುಡುಗರನ್ನು ದಿನಾ ನೋಡುತ್ತೇನೆ.

ನಾಲ್ಕನೇ ಹೆಜ್ಜೆ: ಮೊದಲ ಹದಿನೈದು ದಿನ

ಏಳರಲ್ಲಿ ಈ ಮಗು ಶಾಲೆಗೇ ದೊಡ್ಡದು. ಗಂಟೆ ಬಾರಿಸಿದ್ದು, ಪ್ರಾರ್ಥನೆ ಹೇಳಿಸಿದ್ದು, ಚಿಕ್ಕವರನ್ನು ಸಾಲು ನಿಲ್ಲಿಸಿದ್ದು ಎಲ್ಲಾ ಇದೇ. ಎಂಟಕ್ಕೆ ಬಂದ ದಿನ ಎಲ್ಲರಿಗಿಂತ ಚಿಕ್ಕದು. ಅಲ್ಲಿ ಇಬ್ಬರು ಮೂವರು ಮೇಷ್ಟ್ರು ಎಲ್ಲಾ ಪಾಠ ಮಾಡುತ್ತಿದ್ದರು, ಮಗುವಿನ ಅಜ್ಜಿಯ ಹೆಸರೂ ಅವರಿಗೆ ಗೊತ್ತಿತ್ತು. ಇಲ್ಲಿ ನಲವತ್ತು ನಿಮಿಷಕ್ಕೊಂದು ಬೆಲ್ಲು, ವಿಷಯಕ್ಕೊಬ್ಬರು ಬಂದು ಹೋಗುತ್ತಾರೆ. ನಾಲ್ಕಾರು ಊರಿನ ಮಕ್ಕಳು ಒಂದೇ ಬೆಂಚಿನಲ್ಲಿ. ಬುದ್ಧಿವಂತ ಅನ್ನಿಸಿಕೊಂಡಿದ್ದ ಹುಡುಗನಿಗೆ ಇಲ್ಲಿ ತನ್ನಂಥವರು ಹತ್ತು ಜನ ಇದ್ದಾರೆಂದು ಒಂದೇ ವಾರದಲ್ಲಿ ಗೊತ್ತಾಗುತ್ತದೆ.

ಮೊದಲ ಎರಡು ವಾರ ಮಗು ಸಂಜೆ ಬಂದು ಮಂಕಾಗಿ ಕೂತರೆ, ಸಿಡಿಮಿಡಿ ಮಾಡಿದರೆ, ಆರು ಗಂಟೆಗೇ ನಿದ್ದೆ ಹೋದರೆ ಗಾಬರಿ ಬೇಡ, ದಣಿವು. ಮಂಡಕ್ಕಿ-ಮೆಣಸಿನಕಾಯಿಯೋ, ರೊಟ್ಟಿಯೋ, ಏನಾದರೂ ತಿನ್ನಲು ಕೊಟ್ಟು ಅರ್ಧ ಗಂಟೆ ಬಿಟ್ಟುಬಿಡಿ. ನಾನು ನನ್ನ ಮಗಳನ್ನು ಬಾಗಿಲಲ್ಲೇ ಹಿಡಿದು "ಇವತ್ತು ಏನು ಹೇಳಿಕೊಟ್ಟರು? ಹೋಂವರ್ಕ್ ಏನು?" ಎನ್ನುತ್ತಿದ್ದೆ. ಮೂರನೇ ದಿನಕ್ಕೆ "ಏನಿಲ್ಲ" ಎನ್ನುವುದನ್ನು ಕಲಿತಳು. ಪ್ರಶ್ನೆ ಬದಲಿಸಿದೆ. "ಇವತ್ತು ಊಟಕ್ಕೆ ಯಾರ ಪಕ್ಕ ಕೂತಿದ್ದೆ?" ಈ ಒಂದು ಪ್ರಶ್ನೆಯಿಂದ ಗೆಳತಿಯರು, ಜಗಳ, ಹಿಂದಿ ಟೀಚರ್ ಬೈದದ್ದು, ಎಲ್ಲಾ ತಾನಾಗಿ ಬಂತು. ಮೂರು ವಾರವಾದರೂ ಪಕ್ಕದಲ್ಲಿ ಕೂರುವವರ ಹೆಸರು ಒಂದೂ ಬಾರದಿದ್ದರೆ ಕ್ಲಾಸ್ ಟೀಚರ್ ಹತ್ತಿರ ಮಾತಾಡಿ.

ಸ್ಕೂಲ್ ಬ್ಯಾಗನ್ನು ಮಗುವೇ ಜೋಡಿಸಿಕೊಳ್ಳಲಿ. ವೇಳಾಪಟ್ಟಿಯನ್ನು ದೊಡ್ಡಕ್ಷರದಲ್ಲಿ ಅದರ ಕೈಯಲ್ಲೇ ಬರೆಸಿ ಗೋಡೆಗೆ ಅಂಟಿಸಿ. ರಾತ್ರಿ ಮಲಗುವ ಮುಂಚೆ ನೋಡಿ ಜೋಡಿಸಬೇಕು. ಮೊದಲ ವಾರ ಒಂದೆರಡು ಪುಸ್ತಕ ಮರೆಯುತ್ತದೆ, ಬೈಸಿಕೊಳ್ಳುತ್ತದೆ. ಬೈಸಿಕೊಳ್ಳಲಿ, ನೀವು ಗಾಡಿ ಹತ್ತಿ ಪುಸ್ತಕ ತಂದುಕೊಡಲು ಬರಬೇಡಿ. ಗೇಟಿನ ಹತ್ತಿರ ಹಾಗೆ ಬಂದು ನಿಲ್ಲುವ ಅಪ್ಪಂದಿರು ಇದ್ದಾರೆ. ಆ ಮಕ್ಕಳೇ ಹತ್ತರಲ್ಲೂ ಹಾಲ್ ಟಿಕೆಟ್ ಮರೆತು ಬರುತ್ತಾರೆ.

ಐದನೇ ಹೆಜ್ಜೆ, ಜೂನ್‌ನಲ್ಲೇ: ಹಳೇ ತೂತು ಎಲ್ಲಿದೆ?

ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ಎಂಟರ ಗಣಿತ ಭಾಗಲಬ್ಧ ಸಂಖ್ಯೆ, ಸಮೀಕರಣ, ಬೀಜೋಕ್ತಿ ಎಂದು ಹೋಗುತ್ತದೆ. ಇವೆಲ್ಲಾ ಐದು-ಆರನೇ ಕ್ಲಾಸಿನ ಲೆಕ್ಕದ ಮೇಲೆ ಕಟ್ಟಿದ ಗೋಡೆ. ಒಂದು ಭಾನುವಾರ ಬೆಳಿಗ್ಗೆ, ಪರೀಕ್ಷೆ ಎಂದು ಹೆದರಿಸದೆ, ಒಂದು ಹಾಳೆಯಲ್ಲಿ ಈ ಎಂಟು ಲೆಕ್ಕ ಕೊಡಿ. ಫೋನು ಬೇಡ, ಹೊತ್ತಿನ ಮಿತಿ ಬೇಡ.

1. 503 – 178
2. 936 ÷ 9
3. 1/2 + 1/3
4. –7 + 3
5. 0.3, 0.25 ಇವುಗಳಲ್ಲಿ ದೊಡ್ಡದು ಯಾವುದು?
6. 240ರಲ್ಲಿ ಶೇ. 25 ಎಷ್ಟು?
7. ಒಂದು ಸಂಖ್ಯೆಯ ಎರಡರಷ್ಟಕ್ಕೆ 5 ಕೂಡಿಸಿದರೆ 19. ಆ ಸಂಖ್ಯೆ ಯಾವುದು?
8. 4 ಬೆಣ್ಣೆ ದೋಸೆಗೆ 200 ರೂಪಾಯಿ ಆದರೆ 7 ದೋಸೆಗೆ ಎಷ್ಟು?

ಉತ್ತರ ಕ್ರಮವಾಗಿ 325, 104, 5/6, –4, 0.3, 60, 7, 350 ರೂಪಾಯಿ. ಉತ್ತರ ಸರಿಯೋ ತಪ್ಪೋ ನೋಡಿ ನಿಲ್ಲಿಸಬೇಡಿ, ತಪ್ಪು ಯಾವ ಥರದ್ದು ನೋಡಿ. ಎರಡನೆಯದಕ್ಕೆ 14 ಎಂದು ಬರೆದರೆ ಸೊನ್ನೆ ಇಡುವುದು ಗೊತ್ತಿಲ್ಲ. 9 ಒಂದ್ಲ 9, ಆಮೇಲೆ 3ರಲ್ಲಿ 9 ಹೋಗುವುದಿಲ್ಲ ಎಂದು ಅಲ್ಲಿ ಸೊನ್ನೆ ಇಟ್ಟು ಮುಂದೆ ಹೋಗಬೇಕಿತ್ತು. "14ನ್ನ 9ರಿಂದ ಗುಣಿಸಿ ನೋಡು" ಅನ್ನಿ, 126 ಬರುತ್ತದೆ, ತನ್ನ ತಪ್ಪು ತಾನೇ ಹಿಡಿಯುತ್ತದೆ.

ಮೂರನೆಯದಕ್ಕೆ 2/5 ಎಂದು ಬರೆಯುವ ಮಕ್ಕಳೇ ಹೆಚ್ಚು: ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಡುತ್ತಾರೆ. ಆಗ ನಿಯಮ ಹೇಳಲು ಹೋಗಬೇಡಿ. ತಟ್ಟೆಯಲ್ಲಿ ಅರ್ಧ ರೊಟ್ಟಿ ಇಡಿ. ಇನ್ನೊಂದು ರೊಟ್ಟಿಯಲ್ಲಿ ಮೂರರಲ್ಲೊಂದು ಪಾಲು ಮುರಿದು ಅದರ ಪಕ್ಕ ಇಡಿ. "ಅರ್ಧ ಇದ್ದದ್ದಕ್ಕೆ ಇನ್ನಷ್ಟು ಸೇರಿಸಿದೆ. ನಿನ್ನ ಲೆಕ್ಕದ 2/5 ಅರ್ಧಕ್ಕಿಂತ ಕಮ್ಮಿ ಆಯ್ತಲ್ಲ, ಹೆಂಗೆ?" ಎಂದು ಕೇಳಿ ಸುಮ್ಮನಾಗಿ. ನಾಲ್ಕನೆಯದಕ್ಕೆ –10 ಬರೆದರೆ ಸಾಲದ ಲೆಕ್ಕ ಹೇಳಿ: ಅಂಗಡಿಯಲ್ಲಿ 7 ರೂಪಾಯಿ ಉದ್ರಿ, ಕೈಯಲ್ಲಿ 3 ಇದೆ, ಕೊಟ್ಟ ಮೇಲೆ ಇನ್ನೆಷ್ಟು ಬಾಕಿ? ಐದನೆಯದರಲ್ಲಿ 25 ದೊಡ್ಡದೆಂದು 0.25 ಬರೆದರೆ 30 ಪೈಸೆ, 25 ಪೈಸೆ ಎಂದು ಓದಿಸಿ.

ಎಂಟು ಲೆಕ್ಕದಲ್ಲಿ ಆರು ಸರಿ ಇದ್ದರೆ ನಿಶ್ಚಿಂತೆಯಿಂದ ಶಾಲೆಗೆ ಕಳಿಸಿ. ಮೂರಕ್ಕಿಂತ ಕಡಿಮೆ ಆದರೆ ಹೊಸ ಪಾಠ ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ಆಗ ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ಒಂದೇ ಥರದ ಲೆಕ್ಕ, ದಿನಕ್ಕೆ ಐದು. ಒಂದು ವಾರ ಭಾಗಾಕಾರ, ಎರಡು ವಾರ ಭಿನ್ನರಾಶಿ, ಒಂದು ವಾರ ಋಣ ಸಂಖ್ಯೆ, ಹೀಗೆ. ಜೂನ್‌ನಲ್ಲಿ ಶುರು ಮಾಡಿದರೆ ಗಣೇಶನ ಹಬ್ಬದೊಳಗೆ ಮುಗಿಯುತ್ತದೆ. ಮಗ್ಗಿ 12ರವರೆಗೆ ಬಾಯಲ್ಲಿರಲೇಬೇಕು. ಇದಕ್ಕೆ ಟೀಚರೇ ಬೇಕೆಂದಿಲ್ಲ, ಪಿ.ಯು.ಸಿ. ಓದುವ ಅಕ್ಕ, ಚಿಕ್ಕಪ್ಪನ ಮಗ, ಯಾರಾದರೂ ಸಾಕು. ಐದನೇ ಕ್ಲಾಸಿನ ಪುಸ್ತಕ ಕೈಯಲ್ಲಿ ಕೊಟ್ಟು ಅವಮಾನ ಮಾಡಬೇಡಿ. ಲೆಕ್ಕವನ್ನು ಬೇರೆ ಹಾಳೆಗೆ ಬರೆದುಕೊಡಿ.

ಓದನ್ನೂ ಹೀಗೇ ನೋಡಿ. ಪೇಪರಿನ ಒಂದು ಸುದ್ದಿ ಗಟ್ಟಿಯಾಗಿ ಓದಿಸಿ. ಒತ್ತಕ್ಷರಕ್ಕೆ ತಡವರಿಸುತ್ತದೆಯೇ? ಓದಿ ಮುಗಿಸಿದ ಮೇಲೆ ಸುದ್ದಿ ಏನೆಂದು ಹೇಳುತ್ತದೆಯೇ? ಕನ್ನಡ ಓದಿ ಅರ್ಥ ಮಾಡಿಕೊಳ್ಳದ ಮಗುವಿಗೆ ಸಮಾಜ ವಿಜ್ಞಾನವೂ ಇಲ್ಲ, ವಿಜ್ಞಾನವೂ ಇಲ್ಲ. ದಿನಾ ಸಂಜೆ ಅಜ್ಜನಿಗೆ ಒಂದು ಸುದ್ದಿ ಓದಿ ಹೇಳುವ ಕೆಲಸ ಹಚ್ಚಿ. ಅಜ್ಜನಿಗೆ ಕಣ್ಣು ಕಾಣುವುದಿಲ್ಲ ಎಂಬ ನೆಪ ಬೇಕಾದರೆ ಹೂಡಿ.

"ನಾವು ಓದಿದೋರಲ್ಲ ಟೀಚರ್, ಏನಂತ ನೋಡೋಣ?" ಎನ್ನುವವರು ಬಹಳ. ನೋಟ್‌ಬುಕ್ ತೆರೆದರೆ ದಿನಾಂಕ ಕಾಣುತ್ತದಲ್ಲ, ಕೊನೇ ದಿನಾಂಕ ಇವತ್ತಿನದೋ ಹದಿನೈದು ದಿನ ಹಿಂದಿನದೋ ನೋಡಿ. ಕೆಂಪು ಪೆನ್ನಿನ ಗುರುತು ಇದೆಯೋ ಇಲ್ಲವೋ ನೋಡಿ. ರೊಟ್ಟಿ ಬಡಿಯುತ್ತಾ "ಇವತ್ತಿನ ಪಾಠ ನನಗೂ ಹೇಳು" ಅನ್ನಿ. ಮಗು ಹೇಳಲು ಹೊರಟು ನಡುವೆ ಸಿಕ್ಕಿಹಾಕಿಕೊಂಡರೆ ಅಲ್ಲೇ ಅದಕ್ಕೆ ಅರ್ಥವಾಗಿಲ್ಲ. ಓದು ಬಾರದ ಅವ್ವಂದಿರು ಈ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಿದ್ದನ್ನು ಕಂಡಿದ್ದೇನೆ. ಅವರು ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಾರೆ, ಮಗುವೂ ಮನಸ್ಸಿಟ್ಟು ಹೇಳುತ್ತದೆ.

ಆರನೇ ಹೆಜ್ಜೆ: ಮನೆಯ ವೇಳೆ

ಇದನ್ನು ಎಳೆಯುವುದಿಲ್ಲ. 13 ದಾಟಿದ ಮಗುವಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಆರಕ್ಕೆ ಏಳಬೇಕಾದರೆ ರಾತ್ರಿ ಹತ್ತಕ್ಕೆ ದೀಪ ಆರಬೇಕು. ಸಂಜೆ ಒಂದೂವರೆ ಗಂಟೆ ಓದು ಈ ವರ್ಷಕ್ಕೆ ಸಾಕು, ಆದರೆ ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ. ಆ ಹೊತ್ತಿಗೆ ಟಿವಿ ಆರಿರಬೇಕು. ಧಾರಾವಾಹಿ ನೋಡುತ್ತಾ "ಓದ್ಕೊಳೋ" ಎಂದರೆ ಯಾವ ಮಗುವೂ ಓದದು.

ಫೋನು ಮಗುವಿನ ಸ್ವಂತದ್ದು ಬೇಡ. ಶಾಲೆಯ ವಾಟ್ಸ್‌ಆ್ಯಪ್ ಗ್ರೂಪು ಅಪ್ಪನದೋ ಅವ್ವನದೋ ನಂಬರಿನಲ್ಲಿರಲಿ. ರಾತ್ರಿ ಎಲ್ಲರ ಫೋನೂ ಹೊರಗಿನ ಕೋಣೆಯಲ್ಲೇ ಚಾರ್ಜಿಗೆ, ನಿಮ್ಮದೂ ಸೇರಿ. ನಿಮ್ಮದನ್ನು ಬಿಟ್ಟು ಮಗುವಿನದನ್ನು ಮಾತ್ರ ಕಿತ್ತುಕೊಂಡ ಮನೆಗಳಲ್ಲಿ ಇದು ಒಂದು ವಾರವೂ ನಡೆದಿಲ್ಲ.

ಹೊಲದ ಕೆಲಸದ ಮಾತು. ಮೆಕ್ಕೆಜೋಳದ ಬಿತ್ತನೆ ಜೂನ್‌ನಲ್ಲೇ ಬರುತ್ತದೆ, ಚನ್ನಗಿರಿ ಕಡೆ ಅಡಿಕೆ ಕೊಯ್ಲು ಎರಡನೇ ಸೆಮಿಸ್ಟರ್ ಹೊತ್ತಿಗೆ. ಮನೆಗೆಲಸ ಕಲಿಯುವುದು ಒಳ್ಳೆಯದೇ, ಭಾನುವಾರ ಕರೆದುಕೊಂಡು ಹೋಗಿ. ಆದರೆ ಹೊಸ ಅಧ್ಯಾಯ ಶುರುವಾದ ವಾರ ನಾಲ್ಕು ದಿನ ತಪ್ಪಿದರೆ ಆ ಅಧ್ಯಾಯವೇ ಹೋಯಿತು. ಬಿಡಿಸಲೇಬೇಕಾದರೆ ಟೀಚರಿಗೊಂದು ಮಾತು ಹೇಳಿ, ಗೆಳೆಯನ ನೋಟ್ಸ್ ತರಿಸಿ.

ಏಳನೇ ಹೆಜ್ಜೆ: ಅಂಕಪಟ್ಟಿ ಓದುವುದು, ಟೀಚರ್ ಭೇಟಿ

ವರ್ಷದಲ್ಲಿ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಮಕ್ಕಳ ಬಾಯಲ್ಲಿ ಎಫ್.ಎ., ಎಸ್.ಎ. ಎಫ್.ಎ.ಯಲ್ಲಿ ಚಟುವಟಿಕೆ, ಪ್ರಾಜೆಕ್ಟು, ಕಿರುಪರೀಕ್ಷೆ ಎಲ್ಲಾ ಸೇರಿರುತ್ತದೆ. ಹಾಗಾಗಿ ಎಫ್.ಎ. ಅಂಕ ನೋಡಿ ಬೀಗಬೇಡಿ. ದಸರಾ ರಜೆಗೆ ಮುಂಚೆ ಬರುವ ಎಸ್.ಎ. 1ರ, ಅಂದರೆ ಅರ್ಧವಾರ್ಷಿಕ ಪರೀಕ್ಷೆಯ, ಉತ್ತರಪತ್ರಿಕೆ ನಿಜ ಹೇಳುತ್ತದೆ.

ಅದನ್ನು ಮನೆಗೆ ತರಿಸಿ, ಅಥವಾ ಶಾಲೆಗೆ ಬಂದು ನೋಡಿ. ಬರೆಯದೇ ಬಿಟ್ಟ ಪ್ರಶ್ನೆ ಎಷ್ಟು, ಬರೆದು ತಪ್ಪಾದದ್ದು ಎಷ್ಟು ಎಂದು ಎಣಿಸಿ. ಬಿಟ್ಟದ್ದೇ ಹೆಚ್ಚಿದ್ದರೆ ಓದಿಲ್ಲ, ಇಲ್ಲವೇ ಹೊತ್ತು ಸಾಲಲಿಲ್ಲ. ಬರೆದು ತಪ್ಪಾದದ್ದು ಹೆಚ್ಚಿದ್ದರೆ ಓದಿದೆ, ಅರ್ಥವಾಗಿಲ್ಲ. ಇವೆರಡಕ್ಕೂ ಮದ್ದು ಬೇರೆ. ಎರಡಕ್ಕೂ ಒಂದೇ ಬೈಗುಳ ಕೊಡುವುದು ನಮ್ಮೆಲ್ಲರ ಮನೆಯ ಪದ್ಧತಿ.

ಪೋಷಕರ ಸಭೆಗೆ ಅಪ್ಪಂದಿರೂ ಬನ್ನಿ. ಬಂದವರು "ಹೆಂಗೆ ಓದ್ತಾನ್ರಿ?" ಎಂದು ಕೇಳಿದರೆ ನಾವೂ "ಪರವಾಗಿಲ್ಲ, ಇನ್ನೂ ಓದಬೇಕು" ಎನ್ನುತ್ತೇವೆ. ಎಪ್ಪತ್ತು ಮಕ್ಕಳಿರುವಾಗ ಅಷ್ಟೇ ಹೇಳಲಿಕ್ಕೆ ಆಗುವುದು. ಅದರ ಬದಲು "ಕ್ಲಾಸಿನಲ್ಲಿ ಎಲ್ಲಿ ಕೂರ್ತಾಳೆ? ಗೊತ್ತಾಗದಿದ್ದರೆ ಕೇಳ್ತಾಳಾ? ಯಾವ ಅಧ್ಯಾಯದಾಗೆ ಹಿಂದೆ ಬಿದ್ದಾಳೆ?" ಎಂದು ಕೇಳಿ. ಉತ್ತರ ಬರದೇ ಹೋಗಲಾರದು. ಇನ್ನೊಂದು ಬೇಡಿಕೆ: ಸಭೆಯಲ್ಲಿ ಮಗುವಿನೆದುರೇ "ಹೊಡೀರಿ ಟೀಚರ್, ಚರ್ಮ ಸುಲಿದರೂ ನಾವು ಕೇಳೋದಿಲ್ಲ" ಎನ್ನಬೇಡಿ. ಆ ಮಗು ಅವತ್ತಿನಿಂದ ನಮ್ಮಿಬ್ಬರನ್ನೂ ನಂಬುವುದಿಲ್ಲ.

ಟ್ಯೂಷನ್ ಮಾತು ಇಲ್ಲಿಗೆ ಸೇರಿದ್ದು. ಎಸ್.ಎ. 1 ಆಗುವವರೆಗೆ ತಡೆಯಿರಿ. ಆಮೇಲೂ ಒಂದು ವಿಷಯಕ್ಕೆ ಬೇಕೇಬೇಕು ಅನ್ನಿಸಿದರೆ ಆ ಒಂದಕ್ಕೆ ಮಾತ್ರ ಹಾಕಿ. ಆರೂ ವಿಷಯಕ್ಕೆ ಹಾಕಿದರೆ ಮಗು ಶಾಲೆಯಲ್ಲಿ ಕೇಳುವುದನ್ನು ನಿಲ್ಲಿಸುತ್ತದೆ, "ಟ್ಯೂಷನ್‌ನಾಗೆ ಹೇಳ್ತಾರೆ" ಎಂದು. ದಾವಣಗೆರೆಯ ವಿದ್ಯಾನಗರ, ಪಿ.ಜೆ. ಬಡಾವಣೆಯ ಬೋರ್ಡುಗಳನ್ನು ನೋಡಿದರೆ ಟ್ಯೂಷನ್ ಇಲ್ಲದೆ ಯಾರೂ ಪಾಸಾಗಿಲ್ಲವೇನೋ ಅನ್ನಿಸುತ್ತದೆ. ಆಗಿದ್ದಾರೆ.

ಎಂಟನೇ ಹೆಜ್ಜೆ: ನೀರಿನ ಬಾಟಲಿ, ಕನ್ನಡಕ, ಇತ್ಯಾದಿ

ಸಂಜೆ ಮಗಳ ನೀರಿನ ಬಾಟಲಿ ತುಂಬಿದ ಹಾಗೇ ವಾಪಸ್ಸು ಬರುತ್ತಿದೆಯೇ? ಶಾಲೆಯ ಶೌಚಾಲಯಕ್ಕೆ ಹೋಗಲು ಹೇಸಿ ಹೆಣ್ಣುಮಕ್ಕಳು ದಿನವಿಡೀ ನೀರು ಕುಡಿಯುವುದಿಲ್ಲ. ತಲೆನೋವು, ಉರಿಮೂತ್ರ ಶುರುವಾಗುವುದು ಅಲ್ಲಿಂದ. ಶೌಚಾಲಯ ಸರಿಯಿಲ್ಲದಿದ್ದರೆ ನಾಲ್ಕು ಜನ ತಾಯಂದಿರು ಒಟ್ಟಿಗೆ ಬಂದು ಹೆಡ್‌ಮಾಸ್ತರರಿಗೂ ಶಾಲಾಭಿವೃದ್ಧಿ ಸಮಿತಿಯ (ಎಸ್.ಡಿ.ಎಂ.ಸಿ.) ಯವರಿಗೂ ಹೇಳಿ. ಒಬ್ಬರೇ ಬಂದರೆ ಮರೆತುಹೋಗುತ್ತದೆ. ಮುಟ್ಟಿನ ವಿಷಯ ಮಗಳಿಗೆ ಮುಂಚೆಯೇ ಹೇಳಿರಿ, ಬ್ಯಾಗಿನ ಒಳಜೇಬಿನಲ್ಲಿ ಒಂದು ಪ್ಯಾಡ್ ಯಾವಾಗಲೂ ಇರಲಿ. ಆ ದಿನಗಳಲ್ಲಿ ಶಾಲೆ ಬಿಡಿಸುವ ರೂಢಿ ಇಟ್ಟುಕೊಂಡರೆ ತಿಂಗಳಿಗೆ ಮೂರು ದಿನ, ವರ್ಷಕ್ಕೆ ಒಂದು ತಿಂಗಳ ಪಾಠ ಹೋಯಿತು. ಗಂಡುಮಕ್ಕಳಿಗೂ ದನಿ ಒಡೆಯುತ್ತದೆ, ಮೈ ಬದಲಾಗುತ್ತದೆ. ಅಪ್ಪಂದಿರು ಒಂದು ಸಲ ಕೂರಿಸಿ ಹೇಳಿದರೆ ಯೂಟ್ಯೂಬ್ ಹೇಳುವುದಕ್ಕಿಂತ ಮೇಲು.

ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತೇವೆ, ಕಬ್ಬಿಣಾಂಶದ್ದು. ಊಟ ಮಾಡಿ ನುಂಗಬೇಕು, ಖಾಲಿ ಹೊಟ್ಟೆಗೆ ವಾಕರಿಕೆ ಬರುತ್ತದೆ. ಅಷ್ಟಕ್ಕೇ ಹೆದರಿ ಬೇಡ ಎನ್ನಬೇಡಿ. ಬಿಸಿಯೂಟ ಹತ್ತನೇ ತರಗತಿವರೆಗೂ ಇದೆ, ಅನುದಾನಿತ ಶಾಲೆಯಲ್ಲೂ. ದೊಡ್ಡವನಾದೆ ಎಂಬ ನಾಚಿಕೆಗೆ ಕೆಲವು ಹುಡುಗರು ಊಟ ಬಿಡುತ್ತಾರೆ, ಕೇಳಿ ನೋಡಿ.

ಬೋರ್ಡು ಕಾಣದ ಮಗು "ಕಾಣುತ್ತಿಲ್ಲ" ಎಂದು ಹೇಳುವುದಿಲ್ಲ, ಪಕ್ಕದವನ ಪುಸ್ತಕದಿಂದ ಇಳಿಸಿಕೊಳ್ಳುತ್ತದೆ. ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲೋ, ದುರ್ಗದವರಾದರೆ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲೋ ಒಂದು ಸಲ ತೋರಿಸಿ. ದಡ್ಡ ಎಂದು ಹೆಸರಾಗಿದ್ದ ಹುಡುಗನೊಬ್ಬ ಕನ್ನಡಕ ಬಂದ ತಿಂಗಳಲ್ಲೇ ರೇಖಾಗಣಿತದಲ್ಲಿ ಮುಂದೆ ಬಂದ. ಅಷ್ಟು ದಿನ ಬೈದ ನನಗೆ ಅವನ ಮುಖ ನೋಡಲು ನಾಚಿಕೆಯಾಗಿತ್ತು.

ಮಗು ಶಾಲೆ ಬೇಡ ಎಂದು ಹಟ ಹಿಡಿದರೆ, ಹೊಟ್ಟೆನೋವು ಸೋಮವಾರವೇ ಬರುತ್ತಿದ್ದರೆ, ದೊಡ್ಡ ಮಕ್ಕಳ ಕಾಟವೋ, ಬಸ್ಸಿನಲ್ಲಿ ಯಾರಾದರೂ ಮೈ ಮುಟ್ಟುವುದೋ ಇರಬಹುದು. ಸಮಾಧಾನದಿಂದ ಕೇಳಿ. "ಇನ್ನು ಶಾಲೆ ಬಿಡಿಸಿಬಿಡ್ತೀನಿ" ಎಂಬ ಮಾತು ಮಾತ್ರ ಬಾಯಿಂದ ಬರಬಾರದು. ಆ ಹೆದರಿಕೆಗೇ ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ. 1098 ಮಕ್ಕಳ ಸಹಾಯವಾಣಿ ಹಗಲು ರಾತ್ರಿ ಇದೆ. ಎಂಟು-ಒಂಬತ್ತರಲ್ಲಿ ಹುಡುಗಿಯ ಮದುವೆ ಮಾತು ಎತ್ತುವ ನೆಂಟರು ಬಂದರೂ ಆ ನಂಬರ್ ನೆನಪಿರಲಿ. 18ಕ್ಕೆ ಮುಂಚೆ ಮದುವೆ ಅಪರಾಧ.

ಒಂಬತ್ತನೇ ಹೆಜ್ಜೆ: ಎನ್.ಎಂ.ಎಂ.ಎಸ್. ಬಿಡಬೇಡಿ

ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿಯವರಿಗೆ ಮಾತ್ರ ಇರುವ ವಿದ್ಯಾರ್ಥಿವೇತನದ ಪರೀಕ್ಷೆ ಇದು. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿ.ಯು.ಸಿ.ವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು. ಏಳರಲ್ಲಿ ಶೇ. 55 ಬಂದಿರಬೇಕು, ಪರಿಶಿಷ್ಟರಿಗೆ ಶೇ. 50. ವಸತಿ ಶಾಲೆಯ ಮಕ್ಕಳಿಗೆ ಇಲ್ಲ. ಎರಡು ಪತ್ರಿಕೆ, ತಲಾ 90 ಪ್ರಶ್ನೆ, ತಲಾ 90 ನಿಮಿಷ. ಒಂದರಲ್ಲಿ ತರ್ಕದ ಪ್ರಶ್ನೆಗಳು, ಇನ್ನೊಂದರಲ್ಲಿ ಏಳು-ಎಂಟರ ಪಾಠ.

ದಸರಾ ರಜೆಯಿಂದ ದಿನಕ್ಕೆ ಹತ್ತು ತರ್ಕದ ಪ್ರಶ್ನೆ ಬಿಡಿಸಿದರೆ ಸಾಕು. ಮಕ್ಕಳಿಗೆ ಅದು ಆಟದಂತೆ ರುಚಿಸುತ್ತದೆ. ಹೆಡ್‌ಮಾಸ್ತರರನ್ನು "ಅರ್ಜಿ ಯಾವಾಗ?" ಎಂದು ನೀವೇ ಕೇಳುತ್ತಿರಿ. ಆದಾಯ ಪತ್ರ ಇಲ್ಲದೆ ಕೊನೇ ದಿನ ತಪ್ಪಿಸಿಕೊಂಡವರೇ ನಮ್ಮಲ್ಲಿ ಹೆಚ್ಚು. ಆಯ್ಕೆಯಾದ ಮೇಲೂ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಪ್ರತಿವರ್ಷ ನೋಂದಣಿ ಮಾಡಿಸಬೇಕು. ಒಂದು ವರ್ಷ ಮರೆತರೆ ದುಡ್ಡು ನಿಲ್ಲುತ್ತದೆ.

ಕೊನೇ ಹೆಜ್ಜೆ: ಫೆಬ್ರುವರಿಯಿಂದ ಏಪ್ರಿಲ್

ಫೆಬ್ರುವರಿ-ಮಾರ್ಚ್ ಜಾತ್ರೆಯ ಕಾಲ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ, ಚಳ್ಳಕೆರೆ ಕಡೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು. ಮನೆ ತುಂಬಾ ನೆಂಟರು. ಹಬ್ಬ ತಪ್ಪಿಸಬೇಡಿ, ಎಂಟನೇ ಕ್ಲಾಸಿಗೆ ಅಷ್ಟು ಕಟ್ಟುನಿಟ್ಟು ಬೇಡ. ಜಾತ್ರೆಯ ಎರಡು ದಿನ ಬಿಟ್ಟು ಮೂರನೇ ದಿನ ಸಂಜೆ ಅದೇ ಜಾಗ, ಅದೇ ಹೊತ್ತು ಮರಳಿ ಬಂದರೆ ಸರಿ.

ಏಪ್ರಿಲ್ 10ರ ಹೊತ್ತಿಗೆ 'ಸಮುದಾಯದತ್ತ ಶಾಲೆ' ಕಾರ್ಯಕ್ರಮದ ದಿನ ಫಲಿತಾಂಶ ಹೇಳುತ್ತೇವೆ. ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕಿ ಓಡಬೇಡಿ, ಎಸ್.ಎ. 2ರ ಗಣಿತ, ಇಂಗ್ಲಿಷ್ ಉತ್ತರಪತ್ರಿಕೆ ಕೇಳಿ ನೋಡಿ. ಬಿಟ್ಟದ್ದು ಎಷ್ಟು, ತಪ್ಪಾದದ್ದು ಎಷ್ಟು, ಎಸ್.ಎ. 1ರ ಲೆಕ್ಕದ ಪಕ್ಕ ಬರೆದುಕೊಳ್ಳಿ.

ಮನೆಗೆ ಬಂದು, ಜೂನ್‌ನಲ್ಲಿ ಮಾಡಿಸಿದ ಎಂಟು ಲೆಕ್ಕದ ಹಾಳೆ ಫೈಲಿನಲ್ಲಿ ಇದೆಯಲ್ಲ, ಅದನ್ನು ಮಗುವಿಗೆ ತೋರಿಸದೆ ಅದೇ ಎಂಟು ಲೆಕ್ಕ ಹೊಸ ಹಾಳೆಯಲ್ಲಿ ಕೊಡಿ. ಮುಗಿದ ಮೇಲೆ ಎರಡೂ ಹಾಳೆಯನ್ನು ಪಕ್ಕಪಕ್ಕ ಇಟ್ಟು ಅದರ ಕೈಗೇ ಕೆಂಪು ಪೆನ್ನು ಕೊಡಿ, ತಾನೇ ತಿದ್ದಿಕೊಳ್ಳಲಿ. ಇನ್ನೂ ತಪ್ಪಾಗಿ ಉಳಿದ ಲೆಕ್ಕದ ಸುತ್ತ ಒಂದು ಗೆರೆ ಹಾಕಿಸಿ, ಎರಡೂ ಹಾಳೆ ಫೈಲಿಗೆ ಹಾಕಿಡಿ. ಒಂಬತ್ತರ ಜೂನ್‌ಗೆ ಶುರು ಮಾಡಬೇಕಾದದ್ದು ಆ ಗೆರೆಯಿಂದ.